ಕಾಸಿದ ಹಲಗಿ ಮತ್ತು ಏಳನೆಯ ತಂತಿ

ಏಪ್ರಿಲ್ ತಿಂಗಳ ಮಧ್ಯಾಹ್ನ, ಬಾಗಲಕೋಟೆ ನವನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಫ್ಯಾನ್ ಬಂದ್ ಮಾಡಿ, ಕಿಟಕಿ ಮುಚ್ಚಿ, ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ಗಿಟಾರ್ ಹಿಡಿದು ಕೂರುವ ನನ್ನನ್ನು ಕಂಡಾಗಲೆಲ್ಲ ಅವ್ವ ಕೇಳುವ ಪ್ರಶ್ನೆ ಒಂದೇ: “ಫ್ಯಾನ್ ಹಚ್ಚಿಕೊಂಡು ಬಾರಿಸಿದ್ರ ಅದಕ್ಕೇನ್ ಸಿಟ್ಟ ಬರ್ತೈತೇನೊ ಎಪ್ಪಾ?” ನಿಜಕ್ಕೂ ಸಿಟ್ಟು ಬರುತ್ತದೆ. ಗೋಡೆಯ ಮೇಲಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಫ್ಯಾನಿನ ವೇಗವನ್ನು ಇಳಿಸುವುದು ವಿದ್ಯುತ್ತಿನ ಅಲೆಯನ್ನು ಸೆಕೆಂಡಿಗೆ 100 ಸಲ ಕತ್ತರಿಸುವುದರ ಮೂಲಕ. ಆ ಕತ್ತರಿಕೆಯ ಸದ್ದು, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ಪಿನ ತಾಮ್ರದ ಸುರುಳಿಗೆ ಹೊಕ್ಕು, ಹೈ ಗೇನ್ (ಹೆಚ್ಚು ವರ್ಧನೆಯ) ಆಂಪಿನಲ್ಲಿ ನೂರಾರು ಪಟ್ಟು ಬೆಳೆದು, ಜೇನುಗೂಡಿಗೆ ಕಲ್ಲು ಹೊಡೆದಂತೆ ಹೊರಬರುತ್ತದೆ. ಎರಡು ಸುರುಳಿಗಳ ಹಂಬಕರ್ ಪಿಕಪ್ ಅದನ್ನು ಬಹುಮಟ್ಟಿಗೆ ತಗ್ಗಿಸುತ್ತದೆಯೇ ಹೊರತು ಪೂರ್ತಿ ಅಳಿಸುವುದಿಲ್ಲ. ಆದ್ದರಿಂದ ಒಂದು ರಿಫ್, ಅಂದರೆ ಮತ್ತೆ ಮತ್ತೆ ಮರಳುವ ಸಣ್ಣ ಸ್ವರಗುಚ್ಛ, ಸರಿಯಾಗಿ ರೆಕಾರ್ಡ್ ಆಗುವವರೆಗೆ ಸೆಕೆಯನ್ನು ಸಹಿಸಬೇಕು.

ನಾನು ಬಾರಿಸುವ ಪ್ರೊಗ್ರೆಸಿವ್ ಮೆಟಲ್, ಅಂದರೆ ಲಯದ ಲೆಕ್ಕ ಜಟಿಲವಾದ ಭಾರೀ ರಾಕ್ ಸಂಗೀತ, ಕೇಳಿ ಅಭ್ಯಾಸವಿಲ್ಲದವರಿಗೆ ಅದೆಲ್ಲವೂ ಒಂದೇ ಗದ್ದಲವಾಗಿ ಕೇಳಿಸುತ್ತದೆ ಎಂಬುದು ನನಗೆ ಗೊತ್ತು. ಆದರೆ ಆ ಸಂಗೀತದಲ್ಲಿ ಕೆಳಗಿನ ತಂತಿಯ ಮೇಲೆ ಬೀಳುವ ಪೆಟ್ಟುಗಳಿಗಿರುವಷ್ಟೇ ಬೆಲೆ ಅವುಗಳ ನಡುವಿನ ಮೌನಕ್ಕೂ ಇದೆ. ಡ್ರಮ್ಮಿನ ಸಿಂಬಲ್ ನಾಲ್ಕರ ಲೆಕ್ಕದಲ್ಲಿ ನಡೆಯುತ್ತಿದ್ದರೆ ಗಿಟಾರ್ ಮತ್ತು ಕಾಲಿನ ಡ್ರಮ್ ಐದರ, ಏಳರ, ಹದಿನೇಳರ ಗುಂಪುಗಳಲ್ಲಿ ಸುತ್ತಿ ಸುತ್ತಿ, ಎಷ್ಟೋ ಆವರ್ತಗಳ ನಂತರ ಸಮಕ್ಕೆ ಬಂದು ಕೂಡಿಕೊಳ್ಳುತ್ತವೆ. 1987ರಲ್ಲಿ ಸ್ವೀಡನ್ನಿನ ಉಮಿಯೊ ಪಟ್ಟಣದಲ್ಲಿ ಹುಟ್ಟಿದ ಮೆಶುಗಾ ತಂಡ ಈ ಲೆಕ್ಕಾಚಾರವನ್ನು ತೀರ ದೂರ ಒಯ್ದಿತು. ಅವರ ಅಂಗೈಯಿಂದ ಒತ್ತಿ ಹಿಡಿದ ಕಾರ್ಡಿನ (ಒಟ್ಟಿಗೆ ನುಡಿಸಿದ ಸ್ವರಗಳ) ಸದ್ದನ್ನು ಅನುಕರಿಸುವ “ಜೆಂಟ್” ಎಂಬ ಪದವೇ ಮುಂದೆ ಒಂದು ಬಗೆಯ ಸಂಗೀತದ ಹೆಸರಾಯಿತು. ನಮ್ಮ ವ್ಯಾಕರಣದ ಪ್ರಕಾರ ಅದು ಶುದ್ಧ ಅನುಕರಣಾವ್ಯಯ. ಪೆಟ್ಟುಗಳ ನಡುವಿನ ಮೌನ ಮೌನವಾಗಿ ಉಳಿಯದಿದ್ದರೆ ಹದಿನೇಳರ ಲೆಕ್ಕ ಕೇಳುವವನ ಕಿವಿಗೆ ತಲುಪುವುದೇ ಇಲ್ಲ. “ಟೈಟ್ ಟೋನ್” ಎಂದು ಗಿಟಾರಿಸ್ಟರು ಹೇಳುವುದು ಇದನ್ನೇ. ನಾನು ಅದನ್ನು ಬಿಗಿ ಎನ್ನುತ್ತೇನೆ.

ನನ್ನ ಮೊದಲ ಮೂರು ವರ್ಷಗಳ ರೆಕಾರ್ಡಿಂಗುಗಳು ಇನ್ನೂ ಒಂದು ಹಾರ್ಡ್ ಡಿಸ್ಕಿನಲ್ಲಿವೆ. ಅವುಗಳಲ್ಲಿ ಬಿಗಿ ಎಂಬುದು ಹೆಸರಿಗೂ ಇಲ್ಲ. ಆಂಪಿನ ಗುಂಡಿಗಳಲ್ಲಿ ಗೇನ್ ಎಂಟರ ಮೇಲೆ, ಬಾಸ್ (ತಗ್ಗಿನ ಸದ್ದು) ಏಳರ ಮೇಲೆ, ಮಿಡ್ (ನಡುವಿನ ಸದ್ದು) ಎರಡಕ್ಕೆ ಇಳಿಸಿದ್ದು. ಕೋಣೆಯಲ್ಲಿ ಒಬ್ಬನೇ ಕುಳಿತು ಕೇಳಿದಾಗ ಕಟ್ಟಡವೇ ಕುಸಿದಂತಹ ಭಾರೀ ಸದ್ದು ಬರುತ್ತಿತ್ತು, ಅದೇ ಸದ್ದನ್ನು ಡ್ರಮ್ ಮತ್ತು ಬಾಸ್ ಗಿಟಾರಿನೊಂದಿಗೆ ಸೇರಿಸಿದೊಡನೆ ಒದ್ದೆ ಗೋಣಿಚೀಲವನ್ನು ನೆಲಕ್ಕೆ ಬಡಿದಂತೆ ಆಗುತ್ತಿತ್ತು. ಇನ್ನೂ ಗೇನ್ ಬೇಕೇನೋ ಎಂದುಕೊಂಡು ಇನ್ನಷ್ಟು ಏರಿಸುತ್ತಿದ್ದೆ. ಸದ್ದನ್ನು ಬದಲಿಸುವ ಒಂದು ಪೆಡಲ್ ಸಾಲದೆಂದು ಇನ್ನೊಂದನ್ನು ಕೊಂಡೆ.

ಈ ಹಾದಿ ತಪ್ಪೆಂದು ನನಗೆ ತಿಳಿಸಿದ್ದು ಹೋಳಿ ಹುಣ್ಣಿಮೆ. ಬಾಗಲಕೋಟೆಯ ಹೋಳಿಯನ್ನು ಕಂಡವರಿಗೆ ಹಲಗಿಯ ಬಗ್ಗೆ ಹೇಳಬೇಕಾಗಿಲ್ಲ. ಕಾಮನನ್ನು ಸುಡುವ ಎಷ್ಟೋ ದಿನಗಳ ಮೊದಲೇ ಓಣಿ ಓಣಿಗಳಲ್ಲಿ ಅದರ ಸದ್ದು ಶುರುವಾಗುತ್ತದೆ, ಬಣ್ಣದ ಬಂಡಿಗಳು ಹೊರಡುವ ಹೊತ್ತಿಗೆ ಊರೆಲ್ಲ ಅದೇ ಲಯಕ್ಕೆ ಹೆಜ್ಜೆ ಹಾಕುತ್ತಿರುತ್ತದೆ. ಹಳೇ ಊರಿನಲ್ಲಿ ನನ್ನ ಸೋದರಮಾವನ ಮನೆಯ ಎದುರು ಒಬ್ಬ ಹಿರಿಯರಿದ್ದಾರೆ, ಐವತ್ತು ವರ್ಷದಿಂದ ಹಲಗಿ ಬಾರಿಸುವವರು, ನಮಗೆಲ್ಲ ಕಾಕಾ. ಅಂದು ರಾತ್ರಿ ಹುಡುಗರು ತಣ್ಣಗಿನ ಹಲಗಿಯನ್ನೇ ಜೋರಾಗಿ ಬಡಿಯುತ್ತಿದ್ದಾಗ ಕಾಕಾ ಅದನ್ನು ಕಸಿದುಕೊಂಡು, ನಾಲ್ಕು ಹಿಡಿ ಒಣ ಹುಲ್ಲಿಗೆ ಬೆಂಕಿ ಹಚ್ಚಿ, ಚರ್ಮದ ಮುಖವನ್ನು ಉರಿಯ ಮೇಲೆ ತಿರುವಿ ತಿರುವಿ ಹಿಡಿದರು. ನಡುನಡುವೆ ಬೆರಳಿನಿಂದ ತಟ್ಟಿ ನೋಡುತ್ತ ಹೇಳಿದರು: “ಕಾಸಲಾರದ ಹಲಗಿ ಎಷ್ಟ ಬಡದ್ರೂ ಬದ್ ಬದ್ ಅಂತೈತಿ ತಮ್ಮಾ. ಕೈಯಾಗಿನ ಜೋರ ಎಲ್ಲಾ ಅದರ ಹೊಟ್ಟ್ಯಾಗ ಹೋಗ್ತೈತಿ.” ಆಮೇಲೆ ಬಲಗೈಯ ಕೋಲಿನಿಂದ ಮೆಲ್ಲಗೆ ಒಂದು ಪೆಟ್ಟು ಕೊಟ್ಟರು. ಖಣ್ ಎಂದ ಸದ್ದು ಎದುರಿನ ಗೋಡೆಗೆ ಬಡಿದು ಬಂತು. ಮರುಗಳಿಗೆಯೇ ಎಡಗೈ ಬೆರಳುಗಳು ಚರ್ಮವನ್ನು ಒತ್ತಿ ಆ ಸದ್ದನ್ನು ಅಲ್ಲಿಗೇ ನಿಲ್ಲಿಸಿದವು.

ನಾನು ಹೊಟ್ಟೆಯನ್ನು ತುಂಬಿಸುತ್ತ ಹೋಗಿದ್ದೆ, ಚರ್ಮವನ್ನು ಕಾಸಿರಲಿಲ್ಲ. ಗಿಟಾರಿನಲ್ಲಿ ಕಾಸುವುದು ಎಂದರೆ ಏನು ಎಂಬುದನ್ನು ತಿಳಿಯಲು ಮತ್ತೆ ಕೆಲವು ತಿಂಗಳು ಹಿಡಿದವು.

ನನ್ನ ಗಿಟಾರಿಗೆ ಏಳು ತಂತಿಗಳಿವೆ. ಏಳನೆಯದನ್ನು ವಾಡಿಕೆಯ ಬಿ ಸ್ವರದಿಂದ ಎ ಸ್ವರಕ್ಕೆ ಇಳಿಸಿದ್ದೇನೆ, ಅಂದರೆ 55 ಹರ್ಟ್ಜ್. ಬಾಸ್ ಗಿಟಾರಿನ ತೆರೆದ ಎ ತಂತಿಯ ಕಂಪನವೂ ಇಷ್ಟೇ. ಇಷ್ಟು ತಗ್ಗಿನ ಸ್ವರ ಡಿಸ್ಟಾರ್ಶನ್ ಹಂತವನ್ನು ಹೊಕ್ಕಾಗ ಏನಾಗುತ್ತದೆ ಎಂಬುದನ್ನು ನಾನು ಕೆಲಸ ಮಾಡುವ ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದಲ್ಲಿ, ಸಂಜೆ ಎಲ್ಲರೂ ಹೋದ ಮೇಲೆ, ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪಿಗೆ ಜೋಡಿಸಿ ನೋಡಿದೆ. ತಗ್ಗಿನ ಸ್ವರದ ಅಲೆ ದೊಡ್ಡದು, ಪಿಕ್ ತಂತಿಗೆ ತಗುಲಿದ ಕ್ಷಣದ ಚುರುಕಾದ ಸದ್ದು ಆ ದೊಡ್ಡ ಅಲೆಯ ಬೆನ್ನ ಮೇಲೆ ಸವಾರಿ ಮಾಡುವ ಸಣ್ಣ ಸಣ್ಣ ಹಲ್ಲುಗಳಂತೆ ಕಾಣುತ್ತದೆ. ಡಿಸ್ಟಾರ್ಶನ್ ಎಂದರೆ ಅಲೆಯ ತಲೆಯನ್ನು ಕತ್ತರಿಸುವುದು. ದೊಡ್ಡ ಅಲೆಯ ತಲೆ ಕತ್ತರಿಸಿ ಹೋದಾಗ ಅದರ ಮೇಲೆ ಕುಳಿತಿದ್ದ ಹಲ್ಲುಗಳೂ ಜೊತೆಗೇ ಹೋದವು. ಪರದೆಯ ಮೇಲೆ ಉಳಿದದ್ದು ಬೋಳಾದ ಚೌಕ ದಿಬ್ಬಗಳು ಮಾತ್ರ. ಕಾಕಾ ಹೇಳಿದ ಹೊಟ್ಟೆ ಅದೇ.

ಇನ್ನೊಂದು ತೊಂದರೆಯೂ ಇದೆ. ಎರಡು ಸ್ವರಗಳನ್ನು ಒಟ್ಟಿಗೆ ಡಿಸ್ಟಾರ್ಶನ್ನಿಗೆ ಕೊಟ್ಟರೆ ಅವೆರಡರ ಜೊತೆಗೆ ಅವುಗಳ ಮೊತ್ತದ ಮತ್ತು ವ್ಯತ್ಯಾಸದ ಸ್ವರಗಳೂ ಹುಟ್ಟುತ್ತವೆ. 55ರ ಎ ಮತ್ತು ಸುಮಾರು 82.4ರ ಇ ಸೇರಿದ ಪವರ್ ಕಾರ್ಡಿನಲ್ಲಿ ವ್ಯತ್ಯಾಸ ಸುಮಾರು 27.4 ಹರ್ಟ್ಜ್. ಅದು ಎ ಸ್ವರದ ಒಂದು ಸಪ್ತಕ ಕೆಳಗೆ ಬೀಳುವುದರಿಂದ ಸ್ವರಕ್ಕೆ ವಿರೋಧವಿಲ್ಲ, ಆದರೆ ಗಿಟಾರಿನ ಸ್ಪೀಕರ್ ಅದನ್ನು ನುಡಿಸಲಾರದೆ ಸುಮ್ಮನೆ ಏದುಸಿರು ಬಿಡುತ್ತದೆ. ಮೂರನೆಯ ಸ್ವರವನ್ನೋ ಒಂಬತ್ತನೆಯ ಸ್ವರವನ್ನೋ ಸೇರಿಸಿದ ಕಾರ್ಡುಗಳಲ್ಲಂತೂ ಹೀಗೆ ಹುಟ್ಟುವ ಸ್ವರಗಳು ಎಲ್ಲಿಯೂ ಹೊಂದದೆ ಒಂದರೊಡನೊಂದು ಜಗಳಕ್ಕಿಳಿಯುತ್ತವೆ. ಪ್ರೊಗ್ರೆಸಿವ್ ಮೆಟಲ್ಲಿನಲ್ಲಿ ಅಂಥ ಕಾರ್ಡುಗಳೇ ಹೆಚ್ಚು.

ಪರಿಹಾರ ಹಳೆಯದು, ಸರಳವೂ ಹೌದು. ತಗ್ಗಿನ ಸ್ವರವನ್ನು ಡಿಸ್ಟಾರ್ಶನ್ನಿನ ಮೊದಲೇ ಕಡಿಮೆ ಮಾಡಬೇಕು, ಬೇಕಾದಷ್ಟನ್ನು ಆಮೇಲೆ ಸೇರಿಸಿಕೊಳ್ಳಬೇಕು. ಆಂಪಿನ ಮುಂಭಾಗದಲ್ಲಿ ಓವರ್‌ಡ್ರೈವ್ ಪೆಡಲ್ ಇಡುವ ವಾಡಿಕೆಯ ಅರ್ಥ ಇಷ್ಟೇ, ಆದರೆ ನಾನು ವರ್ಷಗಟ್ಟಲೆ ಅದನ್ನು ಇನ್ನಷ್ಟು ಡಿಸ್ಟಾರ್ಶನ್ ಕೊಡುವ ಡಬ್ಬಿ ಎಂದುಕೊಂಡಿದ್ದೆ. ಐಬನೆಜ್ ಕಂಪನಿಯ ಹಸಿರು ಬಣ್ಣದ ಟ್ಯೂಬ್ ಸ್ಕ್ರೀಮರ್ ಪೆಡಲಿನ ಒಳಗೆ 4.7 ಕಿಲೋ ಓಮ್‌ನ ಒಂದು ರೆಸಿಸ್ಟರ್ ಮತ್ತು 0.047 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ಜೊತೆಯಾಗಿ ಕುಳಿತಿವೆ. ಆ ಜೋಡಿಯ ಲೆಕ್ಕದಂತೆ ಸುಮಾರು 720 ಹರ್ಟ್ಜ್‌ಗಿಂತ ಕೆಳಗೆ ಇಳಿದಂತೆಲ್ಲ ಪೆಡಲಿನ ವರ್ಧನೆ ಇಳಿಯುತ್ತ ಹೋಗುತ್ತದೆ. ನಡುವಿನ ಸ್ವರಗಳು ಹಲವು ಪಟ್ಟು ಬೆಳೆದು ಹೊರಬಂದರೆ ಏಳನೆಯ ತಂತಿಯ ಮೂಲಸ್ವರ ಹೊಕ್ಕಷ್ಟೇ ಗಾತ್ರದಲ್ಲಿ, ಹೆಚ್ಚೆಂದರೆ ತುಸು ದೊಡ್ಡದಾಗಿ, ಹೊರಬರುತ್ತದೆ. ಪೆಡಲಿನ ಗುಂಡಿಗಳಲ್ಲಿ ಡ್ರೈವ್ ಸೊನ್ನೆಗೆ, ಲೆವೆಲ್ ಪೂರ್ತಿ ಮೇಲಕ್ಕೆ, ಟೋನ್ ಅರ್ಧದ ಆಸುಪಾಸು. ನಾನು ಹೀಗೆ ಇಟ್ಟು ಆಂಪಿನ ಗೇನನ್ನು ಎಂಟರಿಂದ ನಾಲ್ಕೂವರೆಗೆ ಇಳಿಸಿ ತಂತಿಯನ್ನು ಅಂಗೈಯಿಂದ ಒತ್ತಿ ಬಾರಿಸಿದಾಗ, ಬದ್ ಎನ್ನುತ್ತಿದ್ದದ್ದು ಮೊದಲ ಬಾರಿಗೆ ಖಣ್ ಎಂದಿತು. ಹುಲ್ಲಿನ ಉರಿಯ ವಾಸನೆಯೇ ಮೂಗಿಗೆ ಬಂದಂತಾಯಿತು ಎಂದರೆ ಅತಿಯಾದೀತು, ಆದರೆ ನೆನಪಾದದ್ದು ಮಾತ್ರ ಅದೇ.

ಮಿಡ್ ಅನ್ನು ಎರಡರಿಂದ ಆರಕ್ಕೆ ಏರಿಸಿದ್ದೂ ಆಗಲೇ. ಒಬ್ಬನೇ ಕೇಳುವಾಗ ಅದು ಮೂಗಿನಿಂದ ಮಾತಾಡಿದಂತೆ ಕೇಳಿಸುತ್ತದೆ, ತಂಡದ ಜೊತೆ ಸೇರಿದಾಗ ಗಿಟಾರ್ ಇರುವುದೇ ಅಲ್ಲಿ.

ಸರ್ಕೀಟಿನ ಮಾತು ಸಾಕು, ತಂತಿಗೆ ಬರೋಣ. ಬಿಗಿ ಎಂಬ ಪದ ಅಕ್ಷರಶಃ ಅನ್ವಯಿಸುವುದು ಅಲ್ಲಿಗೇ. ತಂತಿಯ ಸೆಳೆತ ಅದರ ಕಂಪನಾಂಕದ ವರ್ಗಕ್ಕೆ ಅನುಗುಣವಾಗಿರುತ್ತದೆ, ಹಾಗಾಗಿ ಬಿ ತಂತಿಯನ್ನು ಎ ಸ್ವರಕ್ಕೆ ಇಳಿಸಿದಾಗ ಸೆಳೆತದಲ್ಲಿ ಐದನೆಯ ಒಂದು ಭಾಗ ಕಳೆದುಹೋಗುತ್ತದೆ. ಸಡಿಲಾದ ತಂತಿಯನ್ನು ಜೋರಾಗಿ ಹೊಡೆದರೆ ಸ್ವರ ಒಂದು ಕ್ಷಣ ಮೇಲಕ್ಕೆ ಜಿಗಿದು ಆಮೇಲೆ ತನ್ನ ಜಾಗಕ್ಕೆ ಇಳಿಯುತ್ತದೆ. ಟ್ಯೂನರಿನ ಮುಳ್ಳನ್ನು ನೋಡುತ್ತ ಒಂದು ಪೆಟ್ಟು ಹೊಡೆದರೆ ಯಾರಿಗಾದರೂ ಇದು ಕಾಣುತ್ತದೆ. ಪ್ರತಿ ಪೆಟ್ಟಿಗೂ ಹೀಗೆ ಜಿಗಿಯುವ ತಂತಿಯಲ್ಲಿ ರಿಫ್ ಬಾರಿಸಿದರೆ ಯಾವ ಪೆಡಲ್ ಇಟ್ಟರೂ ಉಪಯೋಗವಿಲ್ಲ. ನಾನು .056 ಇಂಚು ದಪ್ಪದ ತಂತಿಯನ್ನು ತೆಗೆದು .064 ಇಂಚಿನದನ್ನು ಹಾಕಿದೆ. ಗಿಟಾರಿನ ಸ್ಕೇಲ್, ಅಂದರೆ ತಂತಿಯ ಕಂಪಿಸುವ ಉದ್ದ, ಇಪ್ಪತ್ತಾರೂವರೆ ಇಂಚು. ಸಾಮಾನ್ಯವಾದ ಇಪ್ಪತ್ತೈದೂವರೆಗಿಂತ ಒಂದೇ ಇಂಚು ಹೆಚ್ಚಾದರೂ ಸೆಳೆತದಲ್ಲಿ ಶೇಕಡಾ 8ರಷ್ಟು ಲಾಭವಿದೆ. ದಪ್ಪ ತಂತಿಗೆ ನಟ್ಟಿನ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿಯ) ಸೀಳನ್ನು ಸ್ವಲ್ಪ ಅಗಲ ಮಾಡಬೇಕಾಗುತ್ತದೆ, ಇಂಟೊನೇಶನ್, ಅಂದರೆ ಕತ್ತಿನುದ್ದಕ್ಕೂ ಸ್ವರದ ಶುದ್ಧತೆ, ಮತ್ತೆ ಹೊಂದಿಸಬೇಕಾಗುತ್ತದೆ. ಟ್ಯೂನ್ ಮಾಡುವಾಗ ಮೆಲ್ಲಗೆ ಮೀಟಿ ನೋಡುವ ಬದಲು ಬಾರಿಸುವಷ್ಟೇ ಜೋರಿನಿಂದ ಹೊಡೆದು ನೋಡುವುದನ್ನೂ ರೂಢಿಸಿಕೊಂಡೆ.

ಇಷ್ಟೆಲ್ಲ ಆದ ಮೇಲೂ ಒಂದು ಕಿರಿಕಿರಿ ಉಳಿದಿತ್ತು. ರಿಫ್ ಥಟ್ಟನೆ ನಿಲ್ಲುವ ಜಾಗಗಳಲ್ಲಿ, ದೂರದಲ್ಲಿ ಯಾರೋ ಸ್ಟೀಲಿನ ಲೋಟ ಬೀಳಿಸಿದಂತೆ ಒಂದು ಸಣ್ಣ ಟಿಂಯ್ ಸದ್ದು. ಪಕ್ಕದ ಜಿಲ್ಲೆಯ ಪೇಟೆಯೊಂದರಲ್ಲಿ ಗಿಟಾರ್ ರಿಪೇರಿ ಮಾಡುವ ಒಬ್ಬರ ಹತ್ತಿರ ಒಯ್ದೆ. ಅವರು ಎರಡು ನಿಮಿಷ ಕೇಳಿ, ಪಿಕಪ್ ಹಾಳಾಗಿದೆ, ಹೊಸದು ಹಾಕಿಸಿಕೊಳ್ಳಿ ಎಂದರು. ಅರ್ಧ ತಿಂಗಳ ಸಂಬಳ ಕೊಟ್ಟು ಹಾಕಿಸಿಕೊಂಡು ಬಸ್ಸಿನಲ್ಲಿ ಮರಳಿದೆ. ಮನೆಗೆ ಬಂದು ಬಾರಿಸಿದರೆ ಅದೇ ಲೋಟ, ಅದೇ ಟಿಂಯ್. ಸಿಟ್ಟಿನಿಂದ ಗಿಟಾರನ್ನು ತೊಡೆಯ ಮೇಲೆ ಮಗುಚಿ ಹಾಕಿದಾಗ ಹಿಂಬದಿಯಿಂದ ಆ ಸದ್ದು ತಾನಾಗಿಯೇ ಬಂತು, ಆಂಪ್ ಬಂದ್ ಆಗಿದ್ದರೂ. ತಂತಿಗಳ ಕೆಳತುದಿ ಕೂರುವ, ಅಲುಗಾಡಬಲ್ಲ ಟ್ರೆಮೊಲೊ ಬ್ರಿಡ್ಜನ್ನು ಹಿಡಿದಿರುವ ಸ್ಪ್ರಿಂಗುಗಳು ಹಿಂದಿನ ಗೂಡಿನಲ್ಲಿ ತಮ್ಮಷ್ಟಕ್ಕೆ ತಾವು ನುಡಿಯುತ್ತಿದ್ದವು. ಪಾತ್ರೆ ತೊಳೆಯುವ ಸ್ಪಂಜಿನ ಒಂದು ತುಂಡನ್ನು ಕತ್ತರಿಸಿ ಸ್ಪ್ರಿಂಗುಗಳ ಕೆಳಗೆ ತುರುಕಿದೆ. ಅರ್ಧ ಸದ್ದು ಹೋಯಿತು. ಉಳಿದರ್ಧ ನಟ್ಟಿನ ಆಚೆ, ಕೀಲಿಗಳವರೆಗೆ ಹೋಗುವ ತಂತಿಯ ತುಣುಕುಗಳಲ್ಲಿತ್ತು. ಅಕ್ಕನ ಮಗಳು ಬಿಟ್ಟುಹೋಗಿದ್ದ, ಜಡೆಗೆ ಹಾಕುವ ನೇರಳೆ ಬಣ್ಣದ ರಬ್ಬರ್ ಬ್ಯಾಂಡನ್ನು ಅಲ್ಲಿಗೆ ಸುತ್ತಿದೆ. ಈಗಲೂ ಅಲ್ಲೇ ಇದೆ. ಹತ್ತು ರೂಪಾಯಿಯೂ ಖರ್ಚಾಗದ ಈ ಎರಡು ಕೆಲಸಗಳು ಮಾಡಿದ ಉಪಕಾರವನ್ನು ಆ ಪಿಕಪ್ ಮಾಡಲಿಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ಇಷ್ಟರ ಮೇಲೆ ನಾಯ್ಸ್ ಗೇಟ್ ಬರಬೇಕು. ಗೇಟ್ ಎಂದರೆ ಬಾಗಿಲು ಕಾಯುವವನು, ಸದ್ದು ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಬಾಗಿಲು ಮುಚ್ಚುತ್ತಾನೆ. ನಾನು ಮೊದಲು ಮಾಡಿದ ತಪ್ಪು ಅವನನ್ನು ಡಿಸ್ಟಾರ್ಶನ್ನಿನ ನಂತರ ನಿಲ್ಲಿಸಿದ್ದು. ಡಿಸ್ಟಾರ್ಶನ್ ಎಲ್ಲವನ್ನೂ ಒಂದೇ ಎತ್ತರಕ್ಕೆ ತಂದುಬಿಡುವುದರಿಂದ ಅಲ್ಲಿ ನಿಂತವನಿಗೆ ಸ್ವರ ಯಾವುದು, ಗುಂಯ್ ಎನ್ನುವ ಗದ್ದಲ ಯಾವುದು ಎಂದು ತಿಳಿಯುವುದಿಲ್ಲ. ಗಿಟಾರಿನಿಂದ ನೇರವಾಗಿ ಬರುವ, ಇನ್ನೂ ಏನೂ ಮಾಡದ ಸದ್ದನ್ನು ಕೇಳಿಸಿಕೊಂಡು, ಆಂಪಿನ ನಂತರದ ಬಾಗಿಲನ್ನು ಮುಚ್ಚುವಂತೆ ಜೋಡಿಸಿದರೆ ಕೆಲಸ ಚೊಕ್ಕಟ. ಇನ್ನು ರಿಲೀಸ್, ಅಂದರೆ ಬಾಗಿಲು ಮುಚ್ಚಲು ತೆಗೆದುಕೊಳ್ಳುವ ಸಮಯ. ನಿಮಿಷಕ್ಕೆ 120ರ ಗತಿಯಲ್ಲಿ ಒಂದು ಹದಿನಾರನೆಯ ಮಾತ್ರೆಗೆ, ಅಂದರೆ ತಾಳದ ಒಂದು ಎಣಿಕೆಯ ಕಾಲು ಭಾಗಕ್ಕೆ, ಸಿಗುವುದು 125 ಮಿಲಿಸೆಕೆಂಡ್. ಅಷ್ಟರೊಳಗೆ 55 ಹರ್ಟ್ಜ್‌ನ ತಂತಿ ಏಳು ಸಲವೂ ಪೂರ್ತಿ ಅಲುಗಿರುವುದಿಲ್ಲ. ರಿಲೀಸ್ 150ಕ್ಕೆ ಇಟ್ಟರೆ ಒಂದು ಮಾತ್ರೆಯ ಮೌನ ಮೌನವಾಗುವ ಮೊದಲೇ ಮುಂದಿನ ಪೆಟ್ಟು ಬಂದಿರುತ್ತದೆ. ನಾನು ರಿಫ್ಫಿನ ಭಾಗಕ್ಕೆ 30ರ ಆಸುಪಾಸು ಇಡುತ್ತೇನೆ, ಉದ್ದವಾಗಿ ನಿಲ್ಲುವ ಕಾರ್ಡುಗಳಿಗೆ ಬೇರೆಯೇ ಟ್ರ್ಯಾಕ್ ಮಾಡಿ ಬಾಗಿಲನ್ನು ಸಡಿಲು ಬಿಡುತ್ತೇನೆ. ಆದರೂ ಗೇಟ್ ಮೇಲೆ ಪೂರ್ತಿ ಭಾರ ಹಾಕಬಾರದು. ಬಾಗಿಲು ಮುಚ್ಚುವುದಕ್ಕೆ ಮೊದಲು ಎಡಗೈ ಬೆರಳುಗಳೂ ಬಲ ಅಂಗೈಯ ಅಂಚೂ ತಂತಿಯನ್ನು ನಿಲ್ಲಿಸಿರಬೇಕು. ಬಲ ಅಂಗೈ ಬ್ರಿಡ್ಜಿನಿಂದ ಒಂದು ಬೆರಳಗಲ ಮುಂದೆ ಸರಿದರೆ ಸ್ವರ ಸತ್ತು ಟಪ್ ಎನ್ನುತ್ತದೆ, ಹಿಂದೆ ಸರಿದರೆ ತಂತಿ ಬಾಯಿ ಬಿಡುತ್ತದೆ. ಆ ಜಾಗವನ್ನು ಯಾರೂ ತೋರಿಸಿಕೊಡಲಾರರು, ಕೈ ತಾನೇ ಹುಡುಕಿಕೊಳ್ಳಬೇಕು.

ಕ್ಯಾಬಿನೆಟ್, ಅಂದರೆ ಸ್ಪೀಕರಿನ ಡಬ್ಬದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನವನಗರದ ಮನೆಯಲ್ಲಿ ಹನ್ನೆರಡು ಇಂಚಿನ ನಾಲ್ಕು ಸ್ಪೀಕರಿನ ಡಬ್ಬವಿಟ್ಟು ಬಾರಿಸಿದರೆ ನೆರೆಯವರು ಮೊದಲು ಅವ್ವನ ಹತ್ತಿರ, ಆಮೇಲೆ ಠಾಣೆಗೆ ಹೋಗುತ್ತಾರೆ. ನನ್ನ ಆಂಪ್ ಕಂಪ್ಯೂಟರಿನೊಳಗಿದೆ, 1992ರಲ್ಲಿ ಪೀವಿ ಕಂಪನಿ ಗಿಟಾರಿಸ್ಟ್ ಎಡಿ ವ್ಯಾನ್ ಹೇಲನ್ ಜೊತೆ ಸೇರಿ ತಂದ 5150 ಎಂಬ ಆಂಪಿನ ಮಾದರಿಯ ಒಂದು ಪ್ಲಗಿನ್ (ಸಾಫ್ಟ್‌ವೇರ್). ಸ್ಪೀಕರಿನ ಬದಲು ಇಂಪಲ್ಸ್ ರೆಸ್ಪಾನ್ಸ್, ಅಂದರೆ ನಿಜವಾದ ಸ್ಪೀಕರಿನ ಮುಂದೆ ನಿಜವಾದ ಮೈಕ್ ಇಟ್ಟು ಅಳೆದಿಟ್ಟ ಒಂದು ಸಣ್ಣ ಫೈಲ್. ಸೆಲೆಸ್ಚಿಯನ್ ಕಂಪನಿಯ ವಿಂಟೇಜ್ 30 ಸ್ಪೀಕರ್ ಮತ್ತು ಶುರ್ ಕಂಪನಿಯ ಎಸ್‌ಎಂ57 ಮೈಕ್ ಸೇರಿದ ಫೈಲುಗಳು ಎಲ್ಲೆಡೆ ಸಿಗುತ್ತವೆ. ನೂರಾರು ಫೈಲುಗಳನ್ನು ಒಂದೊಂದಾಗಿ ಕೇಳುತ್ತ ರಾತ್ರಿ ಕಳೆಯುವುದು ಒಂದು ರೋಗ. ಒಂದನ್ನು ಆರಿಸಿ ಆರು ತಿಂಗಳು ಬದಲಿಸದೆ ಇದ್ದವನಿಗೆ ತನ್ನ ಕೈಯ ತಪ್ಪುಗಳು ಕೇಳಿಸತೊಡಗುತ್ತವೆ. ಮಿಕ್ಸಿನಲ್ಲಿ 75 ಹರ್ಟ್ಜ್‌ಗಿಂತ ಕೆಳಗಿನದನ್ನು ಗಿಟಾರಿನಿಂದ ಕತ್ತರಿಸಿಬಿಡುತ್ತೇನೆ. ಏಳನೆಯ ತಂತಿಯ ಮೂಲಸ್ವರವೇ 55 ಅಲ್ಲವೇ ಎಂದರೆ ಹೌದು. ಆದರೆ 110, 165, 220ರ ಮೇಲ್ಸ್ವರಗಳು ಇದ್ದರೆ ಕಿವಿ 55 ಅನ್ನು ತಾನೇ ಊಹಿಸಿಕೊಳ್ಳುತ್ತದೆ, ಆ ಜಾಗವನ್ನು ಬಾಸ್ ಗಿಟಾರಿಗೆ ಬಿಟ್ಟುಕೊಡುವುದು ಮರ್ಯಾದೆ.

ಮನೆಯ ಕೋಣೆಯಲ್ಲಿ ಇಂಥ ಸಂಗೀತ ಮಾಡಬಹುದೆಂಬ ಧೈರ್ಯ ನನ್ನಂಥವರಿಗೆ ಬಂದದ್ದು ಮನೆಯಲ್ಲೇ ಕುಳಿತು ರೆಕಾರ್ಡ್ ಮಾಡಿದವರಿಂದ. ಅಮೆರಿಕದ ಪೆರಿಫೆರಿ ತಂಡದ ಮಿಶಾ ಮನ್ಸೂರ್ ತನ್ನ ಕೋಣೆಯ ರೆಕಾರ್ಡಿಂಗುಗಳನ್ನು ಬಲ್ಬ್ ಎಂಬ ಹೆಸರಿನಲ್ಲಿ ಹಂಚಿಕೊಳ್ಳುತ್ತಿದ್ದರು. ನಮ್ಮವರೇ ಆದ ಕೇಶವ್ ಧರ್ ಅವರ ಸ್ಕೈಹಾರ್ಬರ್ ತಂಡ ಕೂಡ ಆರಂಭದಲ್ಲಿ ಒಬ್ಬರ ರೆಕಾರ್ಡಿಂಗ್ ಪ್ರಯತ್ನವೇ ಆಗಿತ್ತು.

ಒಂದೇ ರಿಫ್ ಅನ್ನು ಎರಡು ಸಲ ಬೇರೆ ಬೇರೆಯಾಗಿ ಬಾರಿಸಿ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕುವುದು ಈ ಸಂಗೀತದ ಪದ್ಧತಿ. ನಕಲು ಮಾಡಿ ಹಾಕಿದರೆ ಅದು ನಡುವಿಗೇ ಬಂದು ಕೂರುತ್ತದೆ, ಅಗಲವಾಗುವುದಿಲ್ಲ. ಗೇನ್ ಕಡಿಮೆಯಿಟ್ಟರೂ ಸದ್ದು ದಪ್ಪವಾಗುವುದು ಈ ಎರಡು ಕೈಬರಹಗಳು ಸೇರುವುದರಿಂದ. ಕಷ್ಟವಿರುವುದು ಎರಡೂ ಸಲ ಮೌನಗಳು ಒಂದೇ ಜಾಗದಲ್ಲಿ ಬೀಳಬೇಕು ಎಂಬುದರಲ್ಲಿ. ಗೇನ್ ಹೆಚ್ಚಿದ್ದ ಕಾಲದಲ್ಲಿ ನನ್ನ ತಡವರಿಕೆಗಳೆಲ್ಲ ಆ ಗದ್ದಲದಲ್ಲಿ ಮುಚ್ಚಿಹೋಗುತ್ತಿದ್ದವು. ಬಿಗಿ ಬಂದ ಮೇಲೆ ಒಂದೊಂದೂ ಹೊರಬಿತ್ತು.

ಈ ವರ್ಷ ಹೋಳಿಯ ನಂತರ, ಹದಿನೇಳರ ಲೆಕ್ಕದ ಒಂದು ರಿಫ್ ಅನ್ನು ನನ್ನ ಮಟ್ಟಿಗೆ ಪೂರ್ತಿಗೊಳಿಸಿ, ಲ್ಯಾಪ್‌ಟಾಪ್ ಹಿಡಿದು ಹಳೇ ಊರಿಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಕುಳಿತಿದ್ದರು. ಹೆಡ್‌ಫೋನನ್ನು ಅವರ ಪಟಕಾದ ಮೇಲಿಂದಲೇ ಕಿವಿಗೆ ಇಳಿಸಿದೆ. ಕಣ್ಣು ಮುಚ್ಚಿ, ತೊಡೆಯ ಮೇಲೆ ಎರಡು ಬೆರಳು ಆಡಿಸುತ್ತ ಪೂರ್ತಿ ಕೇಳಿದರು. ಸದ್ದಿನ ಬಗ್ಗೆ, ತಂತಿಯ ಬಗ್ಗೆ, ನಾಲ್ಕು ವರ್ಷ ನಾನು ಪಟ್ಟ ಪಾಡಿನ ಬಗ್ಗೆ ಏನಾದರೂ ಹೇಳಿಯಾರೆಂದು ಕಾಯುತ್ತಿದ್ದೆ. ಹೆಡ್‌ಫೋನ್ ತೆಗೆದು ಕೈಗೆ ಕೊಟ್ಟರು.

“ಛಲೋ ಕಾಸೀದಿ. ಆದ್ರ ಬಲಗಡೀದು ಮೂರನೇ ಪೆಟ್ಟ ಹಿಂದ ಬೀಳಾಕತ್ತೈತಿ ನೋಡ.”

ಮನೆಗೆ ಬಂದು ಆ ಜಾಗವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆ. ಬಲಗಡೆಯ ಟ್ರ್ಯಾಕಿನಲ್ಲಿ ಮೂರನೆಯ ಪೆಟ್ಟು 22 ಮಿಲಿಸೆಕೆಂಡ್ ತಡವಾಗಿತ್ತು, ಪ್ರತಿ ಸುತ್ತಿನಲ್ಲೂ. ಫ್ಯಾನ್ ಬಂದ್ ಮಾಡಿ ಮತ್ತೆ ಕುಳಿತೆ.